ಉಣ್ಣುವವರು ಯಾರು? ವೇದ, ಉಪನಿಷತ್ತುಗಳಲ್ಲಿ ‘ಅನ್ನ’

(ದಾವಣಗೆರೆಯಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಸೋಮವಾರ ಬೆಳಿಗ್ಗೆ ಶಿವನ ಗುಡಿಗೆ ಹೋಗುವವರಿಗೆಲ್ಲ ಚಮಕದ ಧಾಟಿ ಗೊತ್ತು. ‘ಚ ಮೇ, ಚ ಮೇ’ (ನನಗೆ ಇದೂ ಇರಲಿ) ಎಂದು ಒಂದೊಂದನ್ನೇ ಬೇಡುತ್ತಾ ಹೋಗುವ ಈ ಭಾಗ ತೈತ್ತಿರೀಯ ಸಂಹಿತೆಯ ನಾಲ್ಕನೆಯ ಕಾಂಡದಲ್ಲಿದೆ. ಚಮಕದ ನಾಲ್ಕನೆಯ ಅನುವಾಕದಲ್ಲಿ, ಅಂದರೆ ನಾಲ್ಕನೆಯ ಖಂಡದಲ್ಲಿ, ‘ಅನ್ನಂ ಚ ಮೇಽಕ್ಷುಚ್ಚ ಮೇ’ ಎಂದು ಬರುತ್ತದೆ. ಅನ್ನ ಇರಲಿ, ಹಸಿವು ಇಲ್ಲದಿರಲಿ ಎಂದರ್ಥ. ಅದರ ಬೆನ್ನಿಗೇ ‘ವ್ರೀಹಯಶ್ಚ ಮೇ’, ಅಂದರೆ ಭತ್ತವಿರಲಿ. ಅನ್ನ ಎಂದರೆ ನಮ್ಮ ತಟ್ಟೆಯ ಅಕ್ಕಿಯನ್ನವೇ ಆಗಿದ್ದರೆ, ಅನ್ನ ಕೇಳಿದ ಮೇಲೆ ಮತ್ತೆ ಭತ್ತ ಕೇಳುವುದೇಕೆ?

ಭತ್ತಕ್ಕೇ ಪಟ್ಟಿ ನಿಲ್ಲುವುದೂ ಇಲ್ಲ. ವ್ರೀಹಿ, ಯವ, ಮಾಷ, ತಿಲ, ಮುದ್ಗ, ಖಲ್ವ, ಗೋಧೂಮ, ಮಸೂರ, ಪ್ರಿಯಂಗು, ಅಣು, ಶ್ಯಾಮಾಕ, ನೀವಾರ: ಒಟ್ಟು 12. ನಮ್ಮ ಮಾತಿನಲ್ಲಿ ಭತ್ತ, ಜವೆ, ಉದ್ದು, ಎಳ್ಳು, ಹೆಸರು, ಗೋಧಿ, ಮಸೂರ, ನವಣೆ ಇವಿಷ್ಟು ನಿಚ್ಚಳ. ಅಣು ಎಂದರೆ ಬರಗು ಎಂದು ಹಲವರ ಮತ. ಶ್ಯಾಮಾಕವನ್ನು ಸಾಮೆ ಎನ್ನುವವರಿದ್ದಾರೆ, ಊದಲು ಎನ್ನುವವರೂ ಇದ್ದಾರೆ. ಖಲ್ವದ ಬಗ್ಗೆ ಒಮ್ಮತವಿಲ್ಲ. ನೀವಾರ ಬಿತ್ತದೆ ಬೆಳೆಯುವ ಕಾಡುಭತ್ತ. ಹೊಸದುರ್ಗದ ಕಡೆಯ ಸಾಮೆ, ನವಣೆಯ ಹೊಲಗಳನ್ನು ಕಂಡವರಿಗೆ ಈ ಪಟ್ಟಿ ದೂರದ್ದೆನಿಸದು. ಇದರಲ್ಲಿ ರಾಗಿ, ಜೋಳ ಇಲ್ಲ. ಅವೆರಡರ ಮೂಲ ಆಫ್ರಿಕಾ. ಇವತ್ತು ದಾವಣಗೆರೆ ಸೀಮೆ ತುಂಬಾ ನಿಂತಿರುವ ಮೆಕ್ಕೆಜೋಳದ ಮಾತಂತೂ ಬೇಡ, ಅದು ಅಮೆರಿಕ ಖಂಡದಿಂದ ಬಂದ ಬೆಳೆ.

ಆ ಹನ್ನೆರಡಕ್ಕೂ ಮೊದಲು ಬರುವ ‘ಅನ್ನ’ ಅಕ್ಕಿಯನ್ನವಾಗಿರಲಾರದು ಎಂಬುದು ಪಟ್ಟಿಯಿಂದಲೇ ಗೊತ್ತಾಗುತ್ತದೆ. ಹಾಗಾದರೆ ಏನು?

ಮಾತಿನ ಮೂಲ ‘ಅದ್’ ಎಂಬ ಧಾತು, ತಿನ್ನು ಎಂದರ್ಥ. ತಿನ್ನಲ್ಪಡುವುದು ಅನ್ನ, ತಿನ್ನುವವನು ಅತ್ತಾ ಅಥವಾ ಅನ್ನಾದ. ತೈತ್ತಿರೀಯ ಉಪನಿಷತ್ತು ಇದಕ್ಕೊಂದು ತಿರುವು ಕೊಟ್ಟು ‘ಅದ್ಯತೇಽತ್ತಿ ಚ ಭೂತಾನಿ ತಸ್ಮಾದನ್ನಂ ತದುಚ್ಯತೇ’ ಎನ್ನುತ್ತದೆ. ಜೀವಿಗಳು ಅದನ್ನು ತಿನ್ನುತ್ತವೆ, ಅದೂ ಜೀವಿಗಳನ್ನು ತಿನ್ನುತ್ತದೆ, ಆದ್ದರಿಂದ ಅದು ಅನ್ನ. ಒಂದೇ ವಾಕ್ಯದಲ್ಲಿ ಕರ್ಮಣಿ, ಕರ್ತರಿ ಎರಡೂ ಇವೆ. ಹೀಗಾಗಿ ಅನ್ನ ಒಂದು ವಸ್ತುವಿನ ಹೆಸರಾಗುವುದಕ್ಕಿಂತ ಮೊದಲು ಒಂದು ಸಂಬಂಧದ ಹೆಸರು. ‘ಅತ್ತೆ’ ಎಂದ ಕೂಡಲೇ ಯಾರ ಅತ್ತೆ ಎಂದು ಕೇಳುತ್ತೇವಲ್ಲ, ಹಾಗೆಯೇ ಶಾಸ್ತ್ರದಲ್ಲಿ ‘ಅನ್ನ’ ಕಂಡ ಕೂಡಲೇ ಯಾರ ಅನ್ನ, ಉಣ್ಣುವವರು ಯಾರು ಎಂದು ಕೇಳಬೇಕು. ಅನುವಾದಗಳು ಕೆಡುವುದು ಬಹುಪಾಲು ಈ ಪ್ರಶ್ನೆ ಕೇಳದೆ ‘ಆಹಾರ’ ಎಂದೋ ‘ಅನ್ನ’ ಎಂದೋ ಬರೆದು ಮುಂದೆ ಹೋದಾಗ.

ಉಣ್ಣುವವನನ್ನು ಹಿಡಿದು ಅರ್ಥ ನಿರ್ಣಯಿಸುವ ದಾರಿ ಹೊಸದೇನಲ್ಲ. ಉಪನಿಷತ್ತಿನ ವಾಕ್ಯಗಳ ಅರ್ಥವನ್ನು ವಿಚಾರಿಸುವ ಬ್ರಹ್ಮಸೂತ್ರದಲ್ಲಿ ಇದಕ್ಕಾಗಿಯೇ ಒಂದು ಅಧಿಕರಣ, ಅಂದರೆ ಚರ್ಚೆಯ ಭಾಗ ಇದೆ: ‘ಅತ್ತಾ ಚರಾಚರಗ್ರಹಣಾತ್’ (1.2.9). ಚರ್ಚೆ ಕಠೋಪನಿಷತ್ತಿನ ಒಂದು ಮಂತ್ರದ ಮೇಲೆ. ಯಾರಿಗೆ ಬ್ರಾಹ್ಮಣ, ಕ್ಷತ್ರಿಯ ಇಬ್ಬರೂ ‘ಓದನ’ವೋ, ಯಾರಿಗೆ ಮೃತ್ಯುವೇ ‘ಉಪಸೇಚನ’ವೋ, ಅವನು ಎಲ್ಲಿದ್ದಾನೆಂದು ಯಾರು ತಾನೇ ಬಲ್ಲರು ಎನ್ನುತ್ತದೆ ಮಂತ್ರ. ಓದನ ಎಂದರೆ ಬೇಯಿಸಿದ ಅನ್ನ. ಉಪಸೇಚನ ಎಂದರೆ ಅನ್ನದ ಮೇಲೆ ಸುರಿದುಕೊಳ್ಳುವ ತುಪ್ಪ, ಸಾರು ಮುಂತಾದ್ದು. ಲೋಕವೇ ಅನ್ನ, ಸಾವೇ ಸಾರು. ಇಂಥ ಊಟ ಉಣ್ಣುವವನು ಅಗ್ನಿಯೋ, ಜೀವನೋ, ಪರಮಾತ್ಮನೋ? ಚರಾಚರವೆಲ್ಲ ಅವನ ತುತ್ತಾಗಿರುವುದರಿಂದ ಪರಮಾತ್ಮನೇ ಎಂಬುದು ಸೂತ್ರದ ನಿರ್ಣಯ. ಇಲ್ಲಿ ತುತ್ತಿನ ಅಳತೆಯೇ ಉಣ್ಣುವವನನ್ನು ತೋರಿಸಿಕೊಟ್ಟಿತು. ಬೇರೆ ಕಡೆ ಉಣ್ಣುವವನಿಂದ ತುತ್ತು ಗೊತ್ತಾಗುತ್ತದೆ. ಯಜ್ಞವಿಧಿಗಳನ್ನು ವಿವರಿಸುವ ಶತಪಥ ಬ್ರಾಹ್ಮಣ ಎಂಬ ಗ್ರಂಥದಲ್ಲಿ ‘ಅನ್ನಂ ವೈ ಕ್ಷತ್ರಿಯಸ್ಯ ವಿಟ್’ ಎಂಬ ಮಾತಿದೆ. ವಿಟ್ ಅಂದರೆ ಪ್ರಜೆ. ಕ್ಷತ್ರಿಯನಿಗೆ ಪ್ರಜೆಯೇ ಅನ್ನ. ತೆರಿಗೆ, ಕಪ್ಪಕಾಣಿಕೆಗಳಿಂದ ರಾಜ ಬದುಕುತ್ತಾನೆ ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳಿದ ಮಾತು ಸಿಗುವುದು ಕಡಿಮೆ.

ಬ್ರಾಹ್ಮಣ ಗ್ರಂಥಗಳಲ್ಲಿ ‘ಅನ್ನಂ ವೈ ವಿರಾಟ್’ ಎಂದೂ ಬರುತ್ತದೆ. ವಿರಾಟ್ ಪಾದಕ್ಕೆ ಹತ್ತು ಅಕ್ಷರಗಳ ಛಂದಸ್ಸು. ಆದ್ದರಿಂದ ಯಜ್ಞದಲ್ಲಿ ಯಾವುದಾದರೂ ಎಣಿಕೆ ಹತ್ತಕ್ಕೆ ಬಂದರೆ ‘ಅನ್ನ ಸಿಕ್ಕಿತು’ ಎಂದು ವಿವರಿಸುತ್ತಾರೆ. ಇದನ್ನು ಅಕ್ಷರಶಃ ಊಟವೆಂದು ತೆಗೆದುಕೊಂಡರೆ ವಾಕ್ಯ ಹುಚ್ಚುಮಾತಿನಂತೆ ಕಾಣುತ್ತದೆ. ಅದು ಸಂಖ್ಯೆಯ ಸಂಕೇತ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ. ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಸೃಷ್ಟಿ ಹೇಳುತ್ತಾನೆ. ಸತ್ ತೇಜಸ್ಸನ್ನು ಸೃಷ್ಟಿಸಿತು, ತೇಜಸ್ಸು ನೀರನ್ನು ಸೃಷ್ಟಿಸಿತು, ‘ತಾ ಅನ್ನಮಸೃಜಂತ’, ನೀರು ಅನ್ನವನ್ನು ಸೃಷ್ಟಿಸಿತು. ಎಲ್ಲೆಲ್ಲಿ ಮಳೆಯಾಗುತ್ತದೋ ಅಲ್ಲಿ ಅನ್ನ ಹೇರಳ ಎಂದೂ ಸೇರಿಸುತ್ತಾನೆ. ಓದಿದ ಕೂಡಲೇ ಭತ್ತ, ಜವೆ ಎಂದೇ ಅನಿಸುತ್ತದೆ. ಬ್ರಹ್ಮಸೂತ್ರದ ಚರ್ಚೆಯಲ್ಲಿ ಪೂರ್ವಪಕ್ಷವೂ, ಅಂದರೆ ಮೊದಲು ಎತ್ತುವ ಎದುರುವಾದವೂ ಅದನ್ನೇ ಹೇಳುತ್ತದೆ: ಮಳೆಯಿಂದ ಹೆಚ್ಚುವುದು ಧಾನ್ಯ, ನೆಲ ಅಲ್ಲ. ಸಿದ್ಧಾಂತ, ಅಂದರೆ ಕೊನೆಯ ತೀರ್ಮಾನ ಮಾತ್ರ ಇಲ್ಲಿ ಅನ್ನ ಎಂದರೆ ಪೃಥ್ವಿ ಎನ್ನುತ್ತದೆ. ಸೂತ್ರ ‘ಪೃಥಿವ್ಯಧಿಕಾರರೂಪಶಬ್ದಾಂತರೇಭ್ಯಃ’ (2.3.12). ಕಾರಣ ಮೂರು. ಮೊದಲನೆಯದು ಅಧಿಕಾರ, ಅಂದರೆ ಪ್ರಕರಣ. ತೇಜಸ್ಸು, ನೀರು ಎಂದು ಮಹಾಭೂತಗಳನ್ನು ಹೇಳುತ್ತಿರುವಾಗ ಮೂರನೆಯದಾಗಿ ದಿಢೀರನೆ ಜವೆ ಬರುವುದು ಸರಿಹೋಗದು. ಎರಡನೆಯದು ರೂಪ. ಮುಂದೆ ಬೆಂಕಿಯ ಕೆಂಪು ತೇಜಸ್ಸಿನದು, ಬಿಳುಪು ನೀರಿನದು, ‘ಯತ್ ಕೃಷ್ಣಂ ತದನ್ನಸ್ಯ’, ಕಪ್ಪು ಅನ್ನದ್ದು ಎನ್ನುತ್ತಾನೆ. ಬೆಂದ ಅನ್ನವೋ ಜವೆಯೋ ಕಪ್ಪಲ್ಲ, ನೆಲ ಕಪ್ಪು. ಮೂರನೆಯದು ಶಬ್ದಾಂತರ. ಬೇರೆ ಶ್ರುತಿಯಲ್ಲಿ (ವೇದವಾಕ್ಯದಲ್ಲಿ) ಇದೇ ಜಾಗದಲ್ಲಿ ‘ಅದ್ಭ್ಯಃ ಪೃಥಿವೀ’, ನೀರಿನಿಂದ ಪೃಥ್ವಿ ಎಂದೇ ಇದೆ.

ಎರೆ (ಕಪ್ಪು ಮಣ್ಣಿನ) ಹೊಲ, ಮಸಾರಿ (ಕೆಂಪು ಮಣ್ಣಿನ) ಹೊಲ ಎರಡನ್ನೂ ಉಳುವ ನಮ್ಮ ಸೀಮೆಯವರು ಇಲ್ಲೊಂದು ತಕರಾರು ತೆಗೆಯದೆ ಬಿಡುವುದಿಲ್ಲ: ಕೆಂಪು ನೆಲವೂ ಇದೆಯಲ್ಲ? ಭಾಷ್ಯಕಾರರಿಗೂ ಅದು ಹೊಳೆದಿತ್ತು. ಶಂಕರರ ಉತ್ತರ ಚಿಕ್ಕದು, ಇದು ಬಾಹುಳ್ಯವನ್ನು ನೋಡಿ ಹೇಳಿದ ಮಾತು ಎಂದು. ದಾವಣಗೆರೆಯಲ್ಲಿ ಒಪ್ಪಿಸಬಹುದು, ಮಸಾರಿಯೇ ಹೆಚ್ಚಿರುವ ಊರುಗಳಲ್ಲಿ ಸ್ವಲ್ಪ ಕಷ್ಟ.

ಇದಕ್ಕೆ ಎದುರಾಗಿ ತೈತ್ತಿರೀಯದ ಸರಪಳಿ ಇಟ್ಟು ನೋಡಿ. ಆತ್ಮದಿಂದ ಆಕಾಶ, ಅದರಿಂದ ವಾಯು, ಅಗ್ನಿ, ನೀರು, ಪೃಥ್ವಿ, ಪೃಥ್ವಿಯಿಂದ ಓಷಧಿ, ಓಷಧಿಯಿಂದ ಅನ್ನ, ಅನ್ನದಿಂದ ಪುರುಷ. ಇಲ್ಲಿ ಪೃಥ್ವಿ ಬೇರೆ, ಅನ್ನ ಬೇರೆ, ನಡುವೆ ಗಿಡವೂ ಇದೆ. ಆದ್ದರಿಂದ ಇಲ್ಲಿನ ಅನ್ನ ನಿಜಕ್ಕೂ ಉಣ್ಣುವ ಪದಾರ್ಥ. ಛಾಂದೋಗ್ಯದಲ್ಲಿ ಭೂತಗಳು ಮೂರೇ ಆದ್ದರಿಂದ ಪೃಥ್ವಿಯ ಜಾಗವನ್ನು ಅನ್ನವೇ ತುಂಬಬೇಕಾಯಿತು. ಎರಡು ಉಪನಿಷತ್ತುಗಳಲ್ಲಿ ಒಂದೇ ಪದ, ಎರಡರಲ್ಲೂ ಸೃಷ್ಟಿಯ ಪ್ರಕರಣ, ಆದರೂ ಅರ್ಥ ಬೇರೆ. ಹಿಂದುಮುಂದಿನ ಕೊಂಡಿ ನೋಡದೆ ಶಬ್ದಕೋಶ ತೆರೆದರೆ ಈ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ಮುಂಡಕದಲ್ಲಿ ಇನ್ನೂ ಮೇಲಕ್ಕೆ ಹೋಗುತ್ತದೆ. ‘ತಪಸಾ ಚೀಯತೇ ಬ್ರಹ್ಮ ತತೋಽನ್ನಮಭಿಜಾಯತೇ’, ಆ ಅನ್ನದಿಂದ ಪ್ರಾಣ, ಮನಸ್ಸು, ಲೋಕಗಳು. ಗಿಡವೂ ಇಲ್ಲ, ನೆಲವೂ ಹುಟ್ಟಿಲ್ಲ, ಅನ್ನ ಎಲ್ಲಿಯದು? ಶಂಕರರು ಅದನ್ನು ‘ಅವ್ಯಾಕೃತ’ ಎನ್ನುತ್ತಾರೆ, ಇನ್ನೂ ನಾಮರೂಪ ತಾಳದ ಜಗದ್ಬೀಜ. ಮುಂದೆ ಅನುಭವಿಸಲ್ಪಡಲಿರುವುದೆಲ್ಲ ಅದರಲ್ಲಿ ಇರುವುದರಿಂದ ಅದು ಅನ್ನ.

ಶ್ವೇತಕೇತುವಿನ ಪಾಠ ಅಲ್ಲಿಗೇ ಮುಗಿಯಲಿಲ್ಲ. ತಿಂದ ಅನ್ನ ಮೂರು ಪಾಲಾಗುತ್ತದೆ: ದಪ್ಪದ್ದು ಮಲ, ನಡುವಿನದು ಮಾಂಸ, ಅತಿ ಸೂಕ್ಷ್ಮವಾದದ್ದು ಮನಸ್ಸು. ಮೊಸರು ಕಡೆದಾಗ ಸೂಕ್ಷ್ಮಭಾಗ ಮೇಲೆದ್ದು ಬರುವುದೇ ಅಲ್ಲಿ ಕೊಟ್ಟ ದೃಷ್ಟಾಂತ. ಬೆಣ್ಣೆದೋಸೆಯ ಊರಿನಲ್ಲಿ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬಳಿಕ ಪರೀಕ್ಷೆ. ಹದಿನೈದು ದಿನ ಉಣ್ಣಬೇಡ, ನೀರು ಬೇಕಾದಷ್ಟು ಕುಡಿ, ಪ್ರಾಣ ನೀರಿನಿಂದಾದದ್ದು, ಕುಡಿದರೆ ಅದು ಕಡಿದುಹೋಗದು ಎನ್ನುತ್ತಾನೆ ತಂದೆ. ಹದಿನಾರನೆಯ ದಿನ ಋಕ್, ಯಜುಸ್ಸು, ಸಾಮ ಹೇಳು ಎಂದರೆ ಮಗನಿಗೆ ಒಂದೂ ಹೊಳೆಯುವುದಿಲ್ಲ. ಹದಿನಾರು ಕಲೆಗಳಲ್ಲಿ (ಅಂಶಗಳಲ್ಲಿ) ಒಂದೇ ಉಳಿದಿದೆ, ಮಿಣುಕುಹುಳದಷ್ಟು ಕೆಂಡ ಉಳಿದಂತೆ, ಅದರಿಂದ ಹೆಚ್ಚೇನೂ ಸುಡದು, ಹೋಗಿ ಊಟ ಮಾಡು ಎನ್ನುತ್ತಾನೆ ತಂದೆ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ. ಅನ್ನ ಇಲ್ಲಿ ಪೃಥ್ವಿಯಿಂದ ತಟ್ಟೆಗೆ ಇಳಿದಿದೆ. ಒಂದೇ ಅಧ್ಯಾಯದೊಳಗೆ ಎರಡು ಅರ್ಥ. ಇಡೀ ಅಧ್ಯಾಯಕ್ಕೆ ಒಂದೇ ಕನ್ನಡ ಪದ ಸಾಕು ಎಂದು ಹಟ ಹಿಡಿದವರು ಎರಡರಲ್ಲಿ ಒಂದನ್ನು ಕೆಡಿಸುತ್ತಾರೆ. ‘ಅನ್ನ’ ಎಂದೇ ಉಳಿಸಿ ಮೊದಲ ಬಾರಿ ಬಂದಲ್ಲಿ ‘ಇಲ್ಲಿ ಪೃಥ್ವಿ’ ಎಂದು ಪಕ್ಕದಲ್ಲಿ ಬರೆಯುವುದು ಮೇಲು.

ಬೃಹದಾರಣ್ಯಕದ ‘ಸಪ್ತಾನ್ನ’ ಇದಕ್ಕಿಂತ ಸುಲಭ, ಏಕೆಂದರೆ ಉಣ್ಣುವವರ ಪಟ್ಟಿಯನ್ನು ಉಪನಿಷತ್ತೇ ಕೊಡುತ್ತದೆ. ಪ್ರಜಾಪತಿ ಏಳು ಅನ್ನಗಳನ್ನು ಸೃಷ್ಟಿಸಿದ. ಒಂದು ಎಲ್ಲರಿಗೂ ಸೇರಿದ್ದು, ದಿನದಿನ ಉಣ್ಣುವುದು. ಎರಡು ದೇವತೆಗಳಿಗೆ, ಹುತ (ಹೋಮ) ಮತ್ತು ಪ್ರಹುತ (ಬಲಿ). ದರ್ಶ, ಪೂರ್ಣಮಾಸ, ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಯಾಗಗಳು ಎಂದೂ ಹೇಳುತ್ತಾರೆ. ಒಂದು ಪಶುಗಳಿಗೆ, ಅದು ಹಾಲು. ಹುಟ್ಟಿದ ಮಗುವೂ ಕರುವೂ ಮೊದಲು ಹಾಲನ್ನೇ ನೆಚ್ಚುವುದರಿಂದ ಮನುಷ್ಯರೂ ಇಲ್ಲಿ ಪಶುಗಳ ಸಾಲಿನಲ್ಲೇ. ಉಳಿದ ಮೂರನ್ನು ತನಗೆಂದು ಇಟ್ಟುಕೊಂಡ: ಮನಸ್ಸು, ಮಾತು, ಪ್ರಾಣ. ಎಲ್ಲರಿಗೂ ಸೇರಿದ ಅನ್ನವನ್ನು ತನ್ನದೆಂದೇ ಹಿಡಿದವನು ಪಾಪದಿಂದ ಬಿಡುಗಡೆಯಾಗುವುದಿಲ್ಲ ಎಂಬ ಎಚ್ಚರಿಕೆ ನಡುವೆ ಬರುತ್ತದೆ. ಋಗ್ವೇದದ ಹತ್ತನೆಯ ಮಂಡಲದ 117ನೆಯ ಸೂಕ್ತ ಅದನ್ನೇ ಗಟ್ಟಿಯಾಗಿ ಹೇಳಿತ್ತು: ‘ಕೇವಲಾಘೋ ಭವತಿ ಕೇವಲಾದೀ’, ಒಬ್ಬನೇ ಉಣ್ಣುವವನು ಬರೀ ಪಾಪಿಯೇ ಆಗುತ್ತಾನೆ.

ವೇದದ ಪದಗಳನ್ನು ಬಿಡಿಸಿ ಹೇಳುವ ಯಾಸ್ಕರ ನಿರುಕ್ತಕ್ಕೆ ಆಧಾರವಾದ ನಿಘಂಟುವಿನಲ್ಲಿ ಅನ್ನದ ಹೆಸರುಗಳು 28. ವಾಜ, ಪಿತು, ಇರಾ, ಇಳಾ, ಊರ್ಕ್, ಸ್ವಧಾ ಇವು ಬರುವುದು ಸಹಜ. ಅವುಗಳ ಜೊತೆ ನಮಃ, ಆಯುಃ, ಬ್ರಹ್ಮ, ಯಶಃ ಕೂಡ ಇವೆ. ಋಗ್ವೇದದಲ್ಲಿ ‘ನಮಸಾ’ ಎಂದು ಬಂದಲ್ಲೆಲ್ಲ ‘ನಮಸ್ಕಾರದಿಂದ’ ಎಂದೇ ಬರೆಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು. ಹಳೆಯ ವ್ಯಾಖ್ಯಾನಕಾರರು ಕೆಲವೆಡೆ ‘ಹವಿಸ್ಸಿನಿಂದ’ ಎನ್ನುವುದು ಈ ಪಟ್ಟಿಯ ಬಲದಿಂದ. ಹಾಗೆಂದು 28ನ್ನೂ ಎಲ್ಲೆಡೆ ಅನ್ನವೆಂದೇ ಓದುವುದೂ ತಪ್ಪು. ಪಟ್ಟಿ ಸಾಧ್ಯತೆಯನ್ನು ಹೇಳುತ್ತದೆ, ಪ್ರಕರಣ ತೀರ್ಮಾನಿಸುತ್ತದೆ.

ಇಲ್ಲಿಯವರೆಗೆ ಪದ ಹಿಗ್ಗುವುದನ್ನು ನೋಡಿದೆವು. ಅದು ಕುಗ್ಗುವ ಜಾಗಗಳೂ ಇವೆ, ಅಡುಗೆಮನೆಯವರಿಗೆ ಅವೇ ಹೆಚ್ಚು ರುಚಿಸುತ್ತವೆ. ಪಾಣಿನಿಯ ‘ಅನ್ನೇನ ವ್ಯಂಜನಮ್’ (2.1.34) ಎಂಬ ವ್ಯಾಕರಣಸೂತ್ರದ ಪ್ರಕಾರ ವ್ಯಂಜನವನ್ನು (ಅನ್ನಕ್ಕೆ ಕಲಸಿಕೊಳ್ಳುವುದನ್ನು) ಹೇಳುವ ಪದ ಅನ್ನವನ್ನು ಹೇಳುವ ಪದದ ಜೊತೆ ಸಮಾಸವಾಗುತ್ತದೆ. ಉದಾಹರಣೆ ದಧ್ಯೋದನ, ಮೊಸರನ್ನ. ಮುಂದಿನ ಸೂತ್ರ ಭಕ್ಷ್ಯದ್ದು, ಉದಾಹರಣೆ ಗುಡಧಾನಾ, ಬೆಲ್ಲ ಬೆರೆಸಿದ ಹುರಿದ ಜವೆ. ಈ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿಯಲ್ಲಿ ಭಕ್ಷ್ಯವೆಂದರೆ ಗಟ್ಟಿಯಾದ, ಅಗಿದು ತಿನ್ನುವ ಪದಾರ್ಥ. ಅಂದರೆ ಪಾಣಿನಿಗೆ ಅನ್ನ, ಭಕ್ಷ್ಯ, ವ್ಯಂಜನ ಮೂರೂ ಬೇರೆ ಬೇರೆ. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ವೈಶ್ವಾನರ ‘ಪಚಾಮ್ಯನ್ನಂ ಚತುರ್ವಿಧಮ್’ ಎನ್ನುವಾಗ ಭಕ್ಷ್ಯವೂ ಅನ್ನದ ಒಳಗೇ ಸೇರುತ್ತದೆ. ಅಗಿಯುವ ಭಕ್ಷ್ಯ, ನುಂಗುವ ಭೋಜ್ಯ, ನೆಕ್ಕುವ ಲೇಹ್ಯ, ಹೀರುವ ಚೋಷ್ಯ. ಸಂಜೆಯ ಮಿರ್ಚಿ ಮಂಡಕ್ಕಿ ಗೀತೆಯ ಲೆಕ್ಕದಲ್ಲಿ ಅನ್ನ, ಪಾಣಿನಿಯ ಲೆಕ್ಕದಲ್ಲಿ ಅಲ್ಲ. ಮಂಡಕ್ಕಿಯ ಮಾತು ಬಂತೆಂದು ಹೇಳುತ್ತೇನೆ, ಮದುವೆಯ ಲಾಜಹೋಮಕ್ಕೆ ಅರಳು ಸಿಗಲಿಲ್ಲವೆಂದು ಮಂಡಕ್ಕಿ ಕೊಡುವುದನ್ನು ಕೆಲವರು ರೂಢಿ ಮಾಡಿಕೊಂಡಿದ್ದಾರೆ. ಲಾಜ ಎಂದರೆ ಸಿಪ್ಪೆ ಸಹಿತ ಭತ್ತವನ್ನೇ ಹುರಿದು ಅರಳಿಸಿದ್ದು. ಮಂಡಕ್ಕಿ ಭತ್ತವನ್ನು ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಉಬ್ಬಿಸಿದ್ದು. ಬೇಯಿಸಿದ್ದೂ ಉಪ್ಪು ಬಿದ್ದದ್ದೂ ಲಾಜವಾಗಲಾರದು.

ಆಯುರ್ವೇದದಲ್ಲಿ ಅನ್ನದ ಅರ್ಥ ಇನ್ನೂ ಬಿಗಿ. ಪರಿಭಾಷೆಯ ಶ್ಲೋಕವೊಂದಿದೆ: ‘ಅನ್ನಂ ಪಂಚಗುಣೇ ಸಾಧ್ಯಂ ವಿಲೇಪೀ ತು ಚತುರ್ಗುಣೇ, ಮಂಡಶ್ಚತುರ್ದಶಗುಣೇ ಯವಾಗೂಃ ಷಡ್ಗುಣೇಽಂಭಸಿ’. ಒಂದು ಪಾವು ಅಕ್ಕಿಗೆ ಅನ್ನಕ್ಕಾದರೆ ಐದು ಪಾವು ನೀರು, ವಿಲೇಪಿಗೆ ನಾಲ್ಕು, ಯವಾಗುವಿಗೆ ಆರು, ಮಂಡಕ್ಕೆ ಹದಿನಾಲ್ಕು. ಓದಿದವರಿಗೆಲ್ಲ ಮೊದಲು ಬರುವ ಅನುಮಾನ ಒಂದೇ. ವಿಲೇಪಿ ಗಂಜಿಯಂಥದ್ದು, ಅದಕ್ಕೆ ನಾಲ್ಕೇ ಪಾಲು ನೀರು, ಉದುರಾಗಿರಬೇಕಾದ ಅನ್ನಕ್ಕೆ ಐದೇ? ಲೆಕ್ಕ ತಪ್ಪಿಲ್ಲ. ಅನ್ನದ ಗಂಜಿಯನ್ನು ಬಸಿದುಬಿಡಬೇಕು, ವಿಲೇಪಿಯದನ್ನು ಬಸಿಯುವಂತಿಲ್ಲ. ಮಂಡದಲ್ಲಿ ಅಗುಳು ಇರಕೂಡದು, ತಿಳಿ ಮಾತ್ರ. ಪೇಯದಲ್ಲಿ (ಕುಡಿಯುವ ತೆಳು ಗಂಜಿಯಲ್ಲಿ) ಅಗುಳು ಇರುತ್ತದೆ, ವಿಲೇಪಿಯಲ್ಲಿ ಅಗುಳೇ ಹೆಚ್ಚು. ಈಗ ನಾವು ಕುಕ್ಕರಿನಲ್ಲಿ ಒಂದಕ್ಕೆ ಎರಡರಷ್ಟು ನೀರಿಟ್ಟು, ಬಸಿಯದೆ ಇಳಿಸುವುದು ಈ ಶ್ಲೋಕದ ಅನ್ನವಲ್ಲ. ಪಂಚಕರ್ಮ ಆದವರಿಗೆ ಮೊದಲು ಪೇಯ, ಆಮೇಲೆ ವಿಲೇಪಿ, ಆಮೇಲೆ ಯೂಷ (ಬೇಳೆಕಾಳಿನ ಕಟ್ಟು) ಹೀಗೆ ಮೆಟ್ಟಿಲುಮೆಟ್ಟಿಲಾಗಿ ಕೊಡುತ್ತಾರೆ. ಮೊದಲ ದಿನವೇ ಕುಕ್ಕರಿನ ಅನ್ನವನ್ನು ನೀರಲ್ಲಿ ಕಿವುಚಿ ‘ಪೇಯ’ ಎಂದು ಕೊಟ್ಟರೆ ಜೀರ್ಣಕ್ಕೆ ಭಾರ. ವಿಚಿತ್ರವೆಂದರೆ, ಅದೇ ಶಾಸ್ತ್ರದಲ್ಲಿ ಚರಕಸಂಹಿತೆಯ ‘ಅನ್ನಪಾನವಿಧಿ’ ಅಧ್ಯಾಯ ಧಾನ್ಯ, ಮಾಂಸ, ಸೊಪ್ಪು, ಹಣ್ಣು, ಮದ್ಯ, ನೀರು, ಹಾಲುಮೊಸರು, ಕಬ್ಬು ಎಲ್ಲ ಸೇರಿ ಹನ್ನೆರಡು ವರ್ಗಗಳನ್ನು ಹೇಳುತ್ತದೆ. ಅಧ್ಯಾಯದ ಹೆಸರಿನಲ್ಲಿ ಅಷ್ಟು ಅಗಲ, ಪರಿಭಾಷೆಯಲ್ಲಿ ಒಂದು ಪಾತ್ರೆಯಷ್ಟು.

ಹೋಮದ ಚರು ಇದಕ್ಕೆ ತದ್ವಿರುದ್ಧ. ಚರುವಿನ ಲಕ್ಷಣ ‘ಅನವಸ್ರಾವಿತ, ಅಂತರೂಷ್ಮಪಕ್ವ ಓದನ’: ಗಂಜಿ ಬಸಿಯದೆ, ಒಳಗಿನ ಹಬೆಯಲ್ಲೇ ಬೆಂದ ಅನ್ನ. ಒಬ್ಬೊಬ್ಬ ದೇವತೆಗೆ ನಾಲ್ಕು ಮುಷ್ಟಿಯಂತೆ ಧಾನ್ಯ ತೆಗೆಯಬೇಕು, ಮೂರಕ್ಕೆ ಮಂತ್ರ, ನಾಲ್ಕನೆಯದು ಮೌನವಾಗಿ. ಬೆಂದ ಮೇಲೆ ತುಪ್ಪ ಹಾಕಿ, ಬೆಂಕಿಯಿಂದ ಉತ್ತರಕ್ಕೆ ಇಳಿಸಬೇಕು. ಇಲ್ಲಿ ಕೆಡುವುದು ನೀರಿನ ಅಂದಾಜಿನಲ್ಲಿ. ನೀರು ಹೆಚ್ಚಾಯಿತೆಂದು ಬಸಿದರೆ ಅದು ಚರುವಲ್ಲ, ಕಡಿಮೆಯಾಗಿ ತಳ ಹಿಡಿದರೂ ಬರುವುದಿಲ್ಲ. ಆದ್ದರಿಂದ ಮೊದಲು ಕಡಿಮೆ ನೀರಿಟ್ಟು, ಬೇಕಾದರೆ ಬಿಸಿನೀರು ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಬಿಡುವುದು ಕ್ಷೇಮ.

ಆಹುತಿ ಕೊಡುವ ಕ್ರಮ ಗಮನಿಸಿ. ಜುಹುವಿನಲ್ಲಿ (ಹೋಮದ ಮರದ ಸೌಟಿನಲ್ಲಿ) ಮೊದಲು ತುಪ್ಪ ಸವರುವುದು, ಅದು ಉಪಸ್ತರಣ. ಹವಿಸ್ಸಿನಿಂದ ಎರಡು ಸಲ ಹೆಬ್ಬೆರಳ ಗೆಣ್ಣಿನಷ್ಟು ತೆಗೆದಿಡುವುದು. ಮೇಲೆ ಮತ್ತೆ ತುಪ್ಪ, ಅದು ಅಭಿಘಾರ. ಒಟ್ಟು ನಾಲ್ಕಾದ್ದರಿಂದ ‘ಚತುರವತ್ತ’. ಎಲೆಯ ಮುಂದೆ ಕುಳಿತು ಮಾಡುವ ಪರಿಷೇಚನೆ, ಆಪೋಶನ ಇದರದೇ ಅಚ್ಚು. ಹಗಲಾದರೆ ‘ಸತ್ಯಂ ತ್ವರ್ತೇನ ಪರಿಷಿಂಚಾಮಿ’, ರಾತ್ರಿಯಾದರೆ ‘ಋತಂ ತ್ವಾ ಸತ್ಯೇನ ಪರಿಷಿಂಚಾಮಿ’ ಎಂದು ಎಲೆಯ ಸುತ್ತ ನೀರು. ಬಳಿಕ ಅಂಗೈಯಲ್ಲಿ ಉದ್ದಿನಕಾಳು ಮುಳುಗುವಷ್ಟು ನೀರು ತೆಗೆದುಕೊಂಡು ‘ಅಮೃತೋಪಸ್ತರಣಮಸಿ’ ಎಂದು ಕುಡಿಯುವುದು, ಅನ್ನಕ್ಕೆ ಕೆಳಗಿನ ಹಾಸು. ಪ್ರಾಣ, ಅಪಾನ ಮುಂತಾದ ಐದು ಪ್ರಾಣಗಳಿಗೆ ಒಂದೊಂದು ತುತ್ತಿನ ಪ್ರಾಣಾಹುತಿ, ಊಟ, ಕೊನೆಗೆ ‘ಅಮೃತಾಪಿಧಾನಮಸಿ’, ಮೇಲಿನ ಮುಚ್ಚಳ. ಉಪಸ್ತರಣ, ಅಪಿಧಾನ ಎರಡರ ಅರ್ಥ ಗೊತ್ತಿದ್ದರೆ ಯಾವುದು ಮೊದಲು, ಯಾವುದು ಕೊನೆಗೆ ಎಂಬ ಗೊಂದಲವೇ ಬರದು. ಪ್ರಾಣಾಹುತಿಯ ತುತ್ತುಗಳನ್ನು ಅಗಿಯುವಂತಿಲ್ಲ, ಅದಕ್ಕೇ ಅವು ಅಗುಳಿನಷ್ಟೇ ಇರಬೇಕು. ದೊಡ್ಡ ತುತ್ತು ಮಾಡಿ ಗಂಟಲಿಗೆ ಸಿಕ್ಕಿಸಿಕೊಳ್ಳುವವರನ್ನು ಉಪನಯನದ ಪಂಕ್ತಿಯಲ್ಲಿ ಕಾಣಬಹುದು. ಈಗಿನ ರೂಢಿಯಲ್ಲಿ ಪ್ರಾಣದ ನಂತರ ಅಪಾನ ಬರುತ್ತದೆ. ಛಾಂದೋಗ್ಯದ ಐದನೆಯ ಅಧ್ಯಾಯದಲ್ಲಿ ಪ್ರಾಣದ ನಂತರ ವ್ಯಾನ, ಆಮೇಲೆ ಅಪಾನ, ಸಮಾನ, 
ಉದಾನ. ಶಾಖೆಯ ಭೇದ, ನಿಮ್ಮ ಮನೆಯ ಸೂತ್ರದಂತೆ ನಡೆಯಿರಿ. ಆ ಪ್ರಕರಣದಲ್ಲಿ ಊಟಕ್ಕೆ ಬಂದಿರುವ ಪದ ‘ಭಕ್ತ’: ಮೊದಲು ಬಂದ ಭಕ್ತವೇ ಹೋಮದ್ರವ್ಯ ಎಂದು. ದೇವರ ಭಕ್ತನೆಂದು ಬಿಡಿಸಿದರೆ ಭಾರಿ ಅನಾಹುತ.

ಉಣ್ಣುವವರು ಯಾರು ಎಂಬ ಪ್ರಶ್ನೆ ಕನ್ನಡದಲ್ಲಿ ಇನ್ನಷ್ಟು ಹರಿತವಾದದ್ದು ವಚನಕಾರರ ಕೈಯಲ್ಲಿ. ಅಲ್ಲಿ ಅಡುಗೆ ‘ಓಗರ’, ಲಿಂಗಕ್ಕೆ ಅರ್ಪಿಸುವ ಮೊದಲು ಅದು ‘ಪದಾರ್ಥ’, ಅರ್ಪಿಸಿದ ಮೇಲೆ ‘ಪ್ರಸಾದ’. ಪಾತ್ರೆಯೊಳಗಿನ ವಸ್ತು ಒಂದೇ, ಮೊದಲು ಉಂಡವರು ಯಾರು ಎಂಬುದರಿಂದ ಹೆಸರು ಬದಲು. ಚಿತ್ರದುರ್ಗ, ಸಿರಿಗೆರೆ ಕಡೆಯ ಮಠಗಳಲ್ಲಿ ‘ಊಟ ಆಯ್ತೇ’ ಎನ್ನದೆ ‘ಪ್ರಸಾದ ಆಯ್ತೇ’ ಎನ್ನುವುದು, ವಿದ್ಯಾರ್ಥಿಗಳ ಹಾಸ್ಟೆಲಿಗೆ ‘ಪ್ರಸಾದ ನಿಲಯ’ ಎಂಬ ಹೆಸರಿರುವುದು ಈ ಪರಂಪರೆಯಿಂದ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಒಪ್ಪದೆ ಹಿಂದಕ್ಕೆ ಸುರಿದು ಬರಲು ಹೇಳಿದ್ದೂ ಈ ನಿಲುವಿಗೆ ಹೊಂದುತ್ತದೆ. ಆಡುಮಾತಿನಲ್ಲಿ ಬರೀ ‘ಅನ್ನ’ ಎಂದರೆ ಅಕ್ಕಿಯದು, ಬೇರೆಯದಾದರೆ ‘ನವಣೆ ಅನ್ನ’, ‘ಸಾಮೆ ಅನ್ನ’ ಎಂದು ಗುರುತು ಹಚ್ಚಬೇಕು. 2013ರಲ್ಲಿ ಶುರುವಾದ ‘ಅನ್ನಭಾಗ್ಯ’ ಎಂದೊಡನೆ ಜನರ ಕಣ್ಣಿಗೆ ಬರುವುದೂ ಅಕ್ಕಿಯೇ. ಆದರೆ ‘ಅನ್ನಕ್ಕೆ ಕಲ್ಲು ಹಾಕಿದ’, ‘ಅನ್ನದ ಋಣ ತೀರಿತು’ ಎಂದಾಗ ಅಕ್ಕಿ ಮರೆಯಾಗಿ ಜೀವನೋಪಾಯ ಎಂಬ ಹಳೆಯ ಅಗಲದ ಅರ್ಥ ಮೇಲೆದ್ದು ಬರುತ್ತದೆ.

ಕಲ್ಯಾಣಮಂಟಪ, ಖಾನಾವಳಿಗಳ ಗೋಡೆಯ ಮೇಲಿನ ‘ಅನ್ನಂ ಪರಬ್ರಹ್ಮಸ್ವರೂಪಂ’ ಫಲಕದ ಬಗ್ಗೆ ಎರಡು ಮಾತು. ಆ ರೂಪದ ವಾಕ್ಯ ತೈತ್ತಿರೀಯದಲ್ಲಿಲ್ಲ. ಅಲ್ಲಿರುವುದು ‘ಅನ್ನಂ ಬ್ರಹ್ಮೇತಿ ವ್ಯಜಾನಾತ್’, ಭೃಗು ಅನ್ನವೇ ಬ್ರಹ್ಮವೆಂದು ತಿಳಿದ. ತಿಳಿದು ಸುಮ್ಮನಾಗಲಿಲ್ಲ. ಮತ್ತೆ ತಂದೆ ವರುಣನ ಬಳಿ ಹೋದ, ತಪಸ್ಸು ಮಾಡು ಎಂದು ಕಳಿಸಿದ. ಅನ್ನದಿಂದ ಪ್ರಾಣ, ಮನಸ್ಸು, ವಿಜ್ಞಾನ, ಕೊನೆಗೆ ಆನಂದ. ಫಲಕದಲ್ಲಿರುವುದು ಐದರಲ್ಲಿ ಮೊದಲ ಮೆಟ್ಟಿಲು. ಬೃಹದಾರಣ್ಯಕವಂತೂ ನೇರವಾಗಿ ತಡೆಯುತ್ತದೆ: ಕೆಲವರು ಅನ್ನವೇ ಬ್ರಹ್ಮ ಎನ್ನುತ್ತಾರೆ, ಹಾಗಲ್ಲ, ಪ್ರಾಣವಿಲ್ಲದಿದ್ದರೆ ಅನ್ನ ಕೊಳೆಯುತ್ತದೆ. ಪ್ರಾಣವೇ ಬ್ರಹ್ಮ ಎನ್ನುತ್ತಾರೆ, ಅದೂ ಅಲ್ಲ, ಅನ್ನವಿಲ್ಲದಿದ್ದರೆ ಪ್ರಾಣ ಒಣಗುತ್ತದೆ. ಎರಡೂ ಒಂದಾದಾಗಲೇ ಪರಮ ಸ್ಥಿತಿ ಎನ್ನುತ್ತದೆ.

ಮೊದಲ ಮೆಟ್ಟಿಲೆಂದು ತೈತ್ತಿರೀಯ ಅದನ್ನು ತುಚ್ಛ ಮಾಡುವುದೂ ಇಲ್ಲ. ‘ಅನ್ನಂ ನ ನಿಂದ್ಯಾತ್’, ‘ಅನ್ನಂ ನ ಪರಿಚಕ್ಷೀತ’, ‘ಅನ್ನಂ ಬಹು ಕುರ್ವೀತ’ ಎಂದು ಮೂರು ವ್ರತ. ನಿಂದಿಸಬೇಡ, ತಳ್ಳಿಹಾಕಬೇಡ, ಹೆಚ್ಚಿಸು. ಮೊದಲನೆಯದನ್ನು ಉಪ್ಪು ಹುಳಿಯ ಬಗ್ಗೆ ಗೊಣಗಬಾರದು ಎಂದಷ್ಟೇ ಹೇಳುವುದು ರೂಢಿ. ಶಂಕರರು ಕೊಡುವ ಕಾರಣ ಬೇರೆ: ಅನ್ನದ ಬಾಗಿಲಿನಿಂದಲೇ ಬ್ರಹ್ಮ ತಿಳಿದದ್ದರಿಂದ ಗುರುವನ್ನು ನಿಂದಿಸದಂತೆ ಅನ್ನವನ್ನೂ ನಿಂದಿಸಬಾರದು. ಪ್ರತಿ ವ್ರತದ ಪಕ್ಕದಲ್ಲೂ ಒಂದು ಜೋಡಿ ಇದೆ. ಪ್ರಾಣ ಅನ್ನ, ಶರೀರ ಅನ್ನಾದ. ನೀರು ಅನ್ನ, ಜ್ಯೋತಿ ಅನ್ನಾದ. ಪೃಥ್ವಿ ಅನ್ನ, ಆಕಾಶ ಅನ್ನಾದ. ಕೂಡಲೇ ಜೋಡಿಯನ್ನು ತಿರುಗಿಸಿ, ಶರೀರದಲ್ಲಿ ಪ್ರಾಣ ನಿಂತಿದೆ, ಪ್ರಾಣದಲ್ಲಿ ಶರೀರ ನಿಂತಿದೆ, ಅನ್ನ ಅನ್ನದಲ್ಲಿಯೇ ನಿಂತಿದೆ ಎನ್ನುತ್ತದೆ. ಆ ವಲ್ಲಿಯ (ಅಧ್ಯಾಯದ) ಕೊನೆಯ ಸಾಮಗಾನದಲ್ಲಿ ‘ಅಹಮನ್ನಮ್’ ಮೂರು ಸಲ, ‘ಅಹಮನ್ನಾದಃ’ ಮೂರು ಸಲ. ಉಣ್ಣುವವನೂ ನಾನೇ, ತುತ್ತೂ ನಾನೇ. ‘ಬಹು ಕುರ್ವೀತ’ ಎಂಬುದನ್ನು ಇಳುವರಿ ಹೆಚ್ಚಿಸುವ ಘೋಷಣೆಯಂತೆ ಬಳಸುವವರು ಮುಂದಿನ ಅನುವಾಕವನ್ನೂ ಓದಬೇಕು. ಮನೆಗೆ ಬಂದ ಯಾರನ್ನೂ ಹಿಂದಕ್ಕೆ ಕಳಿಸಬಾರದು, ಅದಕ್ಕಾಗಿ ಹೇಗಾದರೂ ಬಹಳ ಅನ್ನ ಸಂಪಾದಿಸಬೇಕು ಎಂದಿದೆ. ಹೆಚ್ಚಿಸುವುದು ಅತಿಥಿಗಾಗಿ.

ಉಪನ್ಯಾಸದ ನಂತರ ಬಂದ ಒಂದು ಪ್ರಶ್ನೆ: ಛಾಂದೋಗ್ಯದಲ್ಲಿ ‘ಆಹಾರಶುದ್ಧೌ ಸತ್ತ್ವಶುದ್ಧಿಃ’ (ಆಹಾರ ಶುದ್ಧವಾದರೆ ಅಂತಃಕರಣ ಶುದ್ಧ) ಎಂದಿದೆಯಲ್ಲ, ಅಲ್ಲಿ ಆಹಾರ ಎಂದರೆ ಅನ್ನವೇ? ಭಾಷ್ಯಕಾರರು ಬೇರೆಬೇರೆಯಾಗಿ ಹೇಳುತ್ತಾರೆ. ಶಂಕರರಿಗೆ ಅದು ಇಂದ್ರಿಯಗಳು ಒಳಗೆ ತಂದುಕೊಳ್ಳುವ ಶಬ್ದ, ರೂಪ ಮುಂತಾದ ವಿಷಯಗಳ ತಿಳಿವು. ಅದರಿಂದ ರಾಗ, ದ್ವೇಷ ಕಳೆಯುವುದೇ ಶುದ್ಧಿ. ರಾಮಾನುಜರು ಶ್ರೀಭಾಷ್ಯದಲ್ಲಿ ‘ವಿವೇಕ’ವನ್ನು ಹೇಳುವಾಗ ಇದನ್ನು ಉಣ್ಣುವ ಅನ್ನವೆಂದೇ ಹಿಡಿದು, ಜಾತಿ, ಆಶ್ರಯ, ನಿಮಿತ್ತ ಎಂಬ ಮೂರು ದೋಷಗಳಿಲ್ಲದ ಅನ್ನ ಎನ್ನುತ್ತಾರೆ. ಜಾತಿದೋಷವೆಂದರೆ ಪದಾರ್ಥದ ಸ್ವಭಾವದಿಂದ ಬಂದದ್ದು, ಆಶ್ರಯದೋಷ ಅದು ಯಾರ ಕೈಯಿಂದ ಬಂತೆಂಬುದರದ್ದು, ನಿಮಿತ್ತದೋಷ ಕೂದಲು, ಎಂಜಲು ಬಿದ್ದಂಥದ್ದು.

ಇನ್ನೊಂದು ಪ್ರಶ್ನೆ, ಹಸಿವಿನಲ್ಲಿ ಈ ಶುದ್ಧಿಯೆಲ್ಲ ಎಲ್ಲಿ ಉಳಿಯುತ್ತದೆ ಎಂದು. ಅದಕ್ಕೆ ಛಾಂದೋಗ್ಯದ ಮೊದಲ ಅಧ್ಯಾಯದಲ್ಲೇ ಉಷಸ್ತಿ ಚಾಕ್ರಾಯಣನ ಪ್ರಸಂಗವಿದೆ. ಕುರುದೇಶದ ಬೆಳೆ ಹಾಳಾಗಿತ್ತು. ಮಾವುತನೊಬ್ಬ ಕುಲ್ಮಾಷ, ಅಂದರೆ ಕೀಳು ಕಾಳು, ತಿನ್ನುತ್ತಿದ್ದ. ಉಷಸ್ತಿ ಅವನ ಎಂಜಲನ್ನೇ ಬೇಡಿ ತಿಂದ. ನೀರು ಕೊಡಲು ಬಂದರೆ ಬೇಡವೆಂದ, ಅದು ಎಂಜಲಾಗುತ್ತದೆ ಎಂದು. ಕಾಳು ಎಂಜಲಲ್ಲವೇ ಎಂದು ಮಾವುತ ಕೇಳಿದಾಗ, ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ನನಗೆ ಬೇಕೆಂದಲ್ಲಿ ಸಿಗುತ್ತದೆ ಎಂದ. ಬ್ರಹ್ಮಸೂತ್ರ ಇದನ್ನೇ ಆಧಾರವಾಗಿಟ್ಟುಕೊಂಡು ‘ಸರ್ವಾನ್ನಾನುಮತಿಶ್ಚ ಪ್ರಾಣಾತ್ಯಯೇ ತದ್ದರ್ಶನಾತ್’ (3.4.28) ಎನ್ನುತ್ತದೆ. ಎಲ್ಲ ಅನ್ನಕ್ಕೂ ಅನುಮತಿ ಇರುವುದು ಪ್ರಾಣ ಹೋಗುವ ಹೊತ್ತಿಗೆ ಮಾತ್ರ. ಸೂತ್ರದ ‘ಸರ್ವಾನ್ನ’ವನ್ನು ಯಾವಾಗಲೂ ಏನು ಬೇಕಾದರೂ ಎಂದು ಓದದಂತೆ, ಮೂರು ಸೂತ್ರ ಮುಂದೆ ‘ಶಬ್ದಶ್ಚಾತೋಽಕಾಮಕಾರೇ’, ಇಷ್ಟಬಂದಂತೆ ನಡೆಯಬಾರದೆಂಬ ಶ್ರುತಿಯೂ ಇದೆ ಎಂದು ಬಾಗಿಲು ಹಾಕಿಯೂ ಇದೆ.